ಜುಲೈ ತಿಂಗಳಲ್ಲಿ ಸ್ವೆಟರ್

"ಈ ಬೇಸಿಗೆಯಲ್ಲಿ ನಮ್ಮ ಕರೆಂಟ್ ಬಿಲ್ಲು ಹೋದ ವರ್ಷದ ಅರ್ಧಕ್ಕೆ ಇಳೀಲಿಲ್ಲ ಅಂದ್ರೆ ನಾನು ವೆಂಕಟರಾಮುನೇ ಅಲ್ಲ!"

ಜೂನ್ ತಿಂಗಳ ಒಂದು ಬೆಳಿಗ್ಗೆ ಕಾಫಿ ಲೋಟವನ್ನು ಮೇಜಿಗೆ ಕುಟ್ಟಿ ವೆಂಕಟರಾಮು ಹೀಗೆ ಘೋಷಿಸಿದಾಗ ಅವನ ಹೆಂಡತಿ ಆಶಾರಾಣಿ ದೋಸೆ ಮಗುಚುತ್ತಿದ್ದಳು. ಹನ್ನೊಂದು ವರ್ಷದ ಮಗಳು ತೇಜಸ್ವಿನಿ ಫೋನಿನಲ್ಲಿ ಮುಳುಗಿದ್ದಳು. ಹೊರಗೆ ನಾರ್ತ್‌ವಿಲ್‌ನ ಹುಲ್ಲುಹಾಸುಗಳ ಮೇಲೆ ಆಗಲೇ ಎಂಬತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು ಹರಡಿತ್ತು.

"ವೆಂಕಟರಾಮು ಅಲ್ದೆ ಇನ್ಯಾರಾಗ್ತೀರಿ?" ಎಂದಳು ಆಶಾರಾಣಿ, ಹಂಚಿನಿಂದ ಕಣ್ಣೆತ್ತದೆ. "ಹೆಸರು ಬದಲಾಯಿಸಿದ್ರೆ ವೀಸಾ ಪೇಪರೆಲ್ಲ ಮತ್ತೆ ಮಾಡಿಸ್ಬೇಕು. ಬೇರೆ ಏನಾದ್ರೂ ಪಣ ಇಡಿ."

ವೆಂಕಟರಾಮು ಎದೆಯುಬ್ಬಿಸಿದ. "ಸರಿ. ಸೋತ್ರೆ ಥರ್ಮೋಸ್ಟಾಟ್ ನಿಂದು. ಜೀವಮಾನ ಪೂರ್ತಿ!"

ದೋಸೆ ಹಂಚಿನ ಮೇಲೇ ಸೀದುಹೋಯಿತು.

ಸೀಯದೆ ಇರುತ್ತದೆಯೇ? ಹಜಾರದ ಗೋಡೆಯಲ್ಲಿ ಕೂತ ಆ ಅಂಗೈಯಗಲದ ಡಬ್ಬಿ ಹೇಳಿದಾಗ ಎಸಿ ಓಡುತ್ತದೆ, ಸಾಕೆಂದಾಗ ನಿಲ್ಲುತ್ತದೆ. ಅದರ ಗುಂಡಿ ಒತ್ತುವ ಹಕ್ಕಿಗಾಗಿ ಆ ದಂಪತಿ ಹದಿಮೂರು ವರ್ಷಗಳಿಂದ ಸದ್ದಿಲ್ಲದ ಯುದ್ಧ ನಡೆಸಿದ್ದರು. ಅವಳು ಎಪ್ಪತ್ತೆರಡಕ್ಕೆ ಇಳಿಸುವಳು. ಅವನು ನೀರು ಕುಡಿಯುವ ನೆಪದಲ್ಲಿ ಎದ್ದುಹೋಗಿ ಎಪ್ಪತ್ತೊಂಬತ್ತಕ್ಕೆ ಏರಿಸುವನು. ಅಂಥ ಸಾಮ್ರಾಜ್ಯವನ್ನೇ ಗಂಡ ಪಣಕ್ಕಿಟ್ಟಿದ್ದ!

ಅವನ ಧೈರ್ಯಕ್ಕೆ ಕಾರಣವೂ ಇತ್ತು. ಪಕ್ಕದೂರು ವಿಕ್ಸಮ್‌ನ ಒಂದು ಕಂಪನಿಯಲ್ಲಿ ಕಾರಿನ ಎಂಜಿನ್ನುಗಳನ್ನು ತಂಪಾಗಿಡುವುದೇ ಅವನ ಉದ್ಯೋಗ. "ಕುದಿಯೋ ಎಂಜಿನ್ನನ್ನೇ ಹದ್ದುಬಸ್ತಿನಲ್ಲಿ ಇಟ್ಟೋನು ನಾನು. ಮೂರು ಜನರ ಸಂಸಾರ ಯಾವ ಲೆಕ್ಕ?" ಎಂದ.

ಯೋಜನೆ ಸರಳವಾಗಿತ್ತು. ನೆಲದಡಿಯ ಬೇಸ್‌ಮೆಂಟ್ ಬೇಸಿಗೆಯಲ್ಲೂ ತಂಪು. ಭೂಮಿತಾಯಿ ಪುಕ್ಕಟೆ ಕೊಡುವ ತಂಪನ್ನು ಬಿಟ್ಟು, ದುಡ್ಡು ಕೊಟ್ಟು ಮೇಲಿನ ಎರಡು ಮಹಡಿಗಳನ್ನು ತಣಿಸುವುದು ಯಾವ ಜಾಣತನ? ಇನ್ನು ಮುಂದೆ ಊಟ, ನಿದ್ದೆ, ಆಫೀಸು ಎಲ್ಲವೂ ಬೇಸ್‌ಮೆಂಟಿನಲ್ಲೇ. ಅಲ್ಲಿ ಬಚ್ಚಲಿತ್ತು, ಹಿತ್ತಲಿಗೆ ತೆರೆಯುವ ಬಾಗಿಲಿತ್ತು. ಅಡುಗೆಗೆ ಇಂಡಕ್ಷನ್ ಒಲೆ ಇಳಿಯಿತು. ಥರ್ಮೋಸ್ಟಾಟನ್ನು ಎಂಬತ್ತೆರಡಕ್ಕೆ ಏರಿಸಿ, ಅದರ ಮೇಲೊಂದು ಪ್ಲಾಸ್ಟಿಕ್ ಪೆಟ್ಟಿಗೆ ಕೂರಿಸಿ, ಬೀಗ ಜಡಿದು, ಕೀಲಿಯನ್ನು ವೆಂಕಟರಾಮು ಪರ್ಸಿನಲ್ಲಿ ಇಟ್ಟುಕೊಂಡ.

"ಡ್ಯಾಡ್, ಆರ್ ವಿ ಹೈಡಿಂಗ್ ಫ್ರಮ್ ಸಮ್‌ವನ್?" ಎಂದು ಮಗಳು ಕೇಳಿದಳು.

ತೊಡಕಾದದ್ದು ದೇವರ ವಿಷಯದಲ್ಲಿ. ದೇವರ ಕೋಣೆ ಇದ್ದದ್ದು ಎರಡನೆಯ ಮಹಡಿಯಲ್ಲಿ, ಕಾದ ಹೆಂಚಿನಂಥ ಸೂರಿನ ಕೆಳಗೆ. ಅದನ್ನೂ ಇಳಿಸೋಣವೆಂದರೆ ಆಶಾರಾಣಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ದೇವರನ್ನ ಕೆಳಗಿಟ್ಟು ಅವರ ತಲೆ ಮೇಲೆ ನಾವು ಚಪ್ಪಲಿ ಹಾಕ್ಕೊಂಡು ಓಡಾಡೋದಾ? ನನ್ನ ಕೈಲಾಗಲ್ಲ."

ರಾಜಿಯಾಯಿತು. ನಡುವಿನ ಮಹಡಿಯ ಹಜಾರದಲ್ಲಿ ವೆಂಕಟರಾಮು ತಾನೇ ಡ್ರಿಲ್ ಹಿಡಿದು, ಮಟ್ಟಗೋಲಿಟ್ಟು ನೋಡಿ, ಕೂದಲೆಳೆಯಷ್ಟೂ ವಾರೆಯಾಗದಂತೆ ಒಂದು ಹಲಗೆ ಬಡಿದ. ಗಣೇಶ, ಲಕ್ಷ್ಮಿ, ಮನೆದೇವರು ನರಸಿಂಹಸ್ವಾಮಿ ಅಲ್ಲಿ ಬಂದು ಕೂತರು. ದೇವರನ್ನು ಹೀಗೆ ಎಬ್ಬಿಸಿದ್ದಕ್ಕೆ ತಪ್ಪುಗಾಣಿಕೆಯಾಗಿ ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ನಂದಾದೀಪ ಉರಿಸುತ್ತೇನೆಂದು ಆಶಾರಾಣಿ ಹರಕೆ ಹೊತ್ತಳು. ಗಾಜಿನ ಚಿಮಣಿಯೊಳಗೆ ದಪ್ಪ ಬತ್ತಿಯ ದೀಪ ಹಗಲೂ ರಾತ್ರಿ ಬೆಳಗತೊಡಗಿತು.

"ಪಣ ಮುಗಿಯೋವರೆಗೂ ಮೇಲಕ್ಕೆ ಕಾಲಿಡಲ್ಲ!" ಎಂದು ವೆಂಕಟರಾಮು ಶಪಥ ಮಾಡಿ ಮೆಟ್ಟಿಲಿಳಿದ.

ಮೊದಲ ವಾರ ಬೇಸ್‌ಮೆಂಟ್ ಹಿತವಾಗಿತ್ತು. ಎರಡನೆಯ ವಾರ ಬರಬರುತ್ತಾ ತಣ್ಣಗಾಯಿತು. ಮೂರನೆಯ ವಾರ ವೆಂಕಟರಾಮು ಸ್ವೆಟರ್ ಹುಡುಕಿ ತೆಗೆದ. ಜುಲೈ ನಡುಭಾಗದಲ್ಲಿ!

"ನೋಡಿದ್ಯಾ ಭೂಮಿಯ ಶಕ್ತಿ?" ಎಂದ, ಕೈ ಉಜ್ಜಿಕೊಳ್ಳುತ್ತಾ. "ಹೋದ ಜನವರಿಯ ಚಳಿಯನ್ನೆಲ್ಲ ಮಣ್ಣು ಹಿಡಿದಿಟ್ಟುಕೊಂಡು ಈಗ ಬಿಡ್ತಾ ಇದೆ."

"ಹೌದಾ?" ಎಂದಳು ಆಶಾರಾಣಿ. ಅವಳ ಮುಖದಲ್ಲಿ ಏನೋ ಒಂದು ಶಾಂತಿ.

ಆ ಶಾಂತಿ ವೆಂಕಟರಾಮುವಿಗೆ ಕುತೂಹಲ ಹುಟ್ಟಿಸಿತು. ಅವಳ ಭಕ್ತಿ ದಿನದಿನಕ್ಕೂ ಬೆಳೆಯುತ್ತಿತ್ತು. ಹತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ಪೂಜೆ ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು. ಗಂಟೆ ಬಾರಿಸು ಎಂದರೆ ಮುಖ ಸಿಂಡರಿಸುತ್ತಿದ್ದ ತೇಜಸ್ವಿನಿ ಈಗ ಮಧ್ಯಾಹ್ನದ ಹೊತ್ತು ತಾನಾಗಿಯೇ ದಿಂಬು ತೆಗೆದುಕೊಂಡು "ಗೋಯಿಂಗ್ ಟು ಪ್ರೇ" ಎಂದು ಮೆಟ್ಟಿಲು ಹತ್ತುತ್ತಿದ್ದಳು. ಪಕ್ಕದ ಮನೆಯ ಡಾಕ್ಟರ್ ಶಿವಬಸಪ್ಪನವರ ಹೆಂಡತಿ ಶಿವಕ್ಕ ದಿನಾ ಸಂಜೆ ಭಜನೆಗೆ ಬರತೊಡಗಿದರು. ಕೆಳಗೆ ವೆಂಕಟರಾಮು ತಾಳದ ಸದ್ದು ಕೇಳುತ್ತಾ, ಸೆಕೆಯಲ್ಲಿ ಬೇಯುತ್ತಲೂ ದೇವರನ್ನು ಬಿಡದ ಹೆಣ್ಣುಮಕ್ಕಳನ್ನು ನೆನೆದು ಗದ್ಗದಿತನಾಗುತ್ತಿದ್ದ.

ನಾಲ್ಕನೆಯ ವಾರ ಬೆರಳು ಸೆಟೆದು ಕೀಬೋರ್ಡ್ ಒತ್ತಲಾಗಲಿಲ್ಲ. ಗರಾಜಿನಿಂದ ಪುಟ್ಟ ಹೀಟರ್ ತಂದು ಕಾಲ ಬಳಿ ಇಟ್ಟುಕೊಂಡ. ತಾತ್ಕಾಲಿಕ ವ್ಯವಸ್ಥೆ, ಅಷ್ಟೇ! ಮೀಟಿಂಗಿನಲ್ಲಿ ಉಣ್ಣೆಯ ಟೋಪಿ ಹಾಕಿಕೊಂಡು ಕೂತವನನ್ನು ನೋಡಿ ಮ್ಯಾನೇಜರು, ನೀನು ಈಗ ಯಾವ ದೇಶದಲ್ಲಿದ್ದೀಯ ಎಂದು ವಿಚಾರಿಸಿದ.

ಇನ್ನೊಂದು ಸಂಗತಿಯೂ ಅವನನ್ನು ಕಾಡುತ್ತಿತ್ತು. ಮನೆಯ ಪಕ್ಕದಿಂದ ಎಡೆಬಿಡದೆ ಗುಂಯ್ ಎನ್ನುವ ಸದ್ದು.

"ಪಾಪ, ಡಾಕ್ಟರು ಹಗಲೂ ರಾತ್ರಿ ಎಸಿ ಓಡಿಸ್ತಿದ್ದಾರೆ," ಎಂದು ಮರುಗಿದ. "ವಿದ್ಯಾವಂತರೇ ಹೀಗೆ ಮಾಡಿದ್ರೆ ಹೇಗೆ?"

ಆಗಸ್ಟ್ ಮೊದಲ ಶನಿವಾರ ಬಿಲ್ಲು ಬಂತು. ವೆಂಕಟರಾಮು ಹಿತ್ತಲ ಬಾಗಿಲಿನಿಂದ ಹೋಗಿ ಅಂಚೆಪೆಟ್ಟಿಗೆ ತೆರೆದು, ಲಕೋಟೆ ಹರಿದು, ನಿಂತಲ್ಲೇ ಓದಿದ. ಮತ್ತೆ ಓದಿದ. ಹೋದ ವರ್ಷದ ಅರ್ಧವಲ್ಲ. ಹೋದ ವರ್ಷದ್ದಕ್ಕೆ ಇನ್ನೊಂದು ಅರ್ಧ ಸೇರಿತ್ತು!

ಅಷ್ಟರಲ್ಲಿ ಶಿವಬಸಪ್ಪನವರು ಬನಿಯನ್ನಿನಲ್ಲಿ ಹೊರಬಂದು, ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತಾ ತಮ್ಮ ಮೆಟ್ಟಿಲ ಮೇಲೆ ಕೂತರು. ವೆಂಕಟರಾಮುವಿನ ಸಿಟ್ಟೆಲ್ಲ ಅವರ ಕಡೆ ತಿರುಗಿತು.

"ಡಾಕ್ಟ್ರೇ, ತಪ್ಪು ತಿಳ್ಕೋಬೇಡಿ. ಸ್ವಲ್ಪ ಎಸಿ ಕಡಿಮೆ ಮಾಡಬಾರದಾ? ನಿಮ್ಮ ವೈರು, ನಮ್ಮ ವೈರು ಏನಾದ್ರೂ ಸೇರ್ಕೊಂಡಿದೆಯೋ ಏನೋ, ನಮ್ಮ ಬಿಲ್ ನೋಡಿ!"

ಶಿವಬಸಪ್ಪನವರು ಅವನ ಸ್ವೆಟರನ್ನೊಮ್ಮೆ, ಟೋಪಿಯನ್ನೊಮ್ಮೆ ನೋಡಿದರು. "ಯಾವ ಎಸಿರೀ? ನಮ್ಮ ಎಸಿ ಕೆಟ್ಟು ಮೂರು ವಾರ ಆತು. ರಿಪೇರಿಯಾಂವ ನಾಳೆ ಬರ್ತೀನಿ, ನಾಡಿದ್ದು ಬರ್ತೀನಿ ಅಂತಾನ, ಬರೂದಿಲ್ಲ. ನಾ ಇಲ್ಲಿ ಕುದ್ದು ಹೊಂಟೀನಿ. ನಮ್ಮಾಕಿ ನಿಮ್ಮನಿಗೆ ಭಜನಿಗೆ ಹೋಗಿ ಆರಾಮ ಇದ್ದಾಳ."

"ಭಜನೆಯಿಂದ ಮನಸ್ಸಿಗೆ ಆರಾಮ..."

"ಮನಸ್ಸಲ್ರೀ, ಮೈಗೆ! ಬರೂಮುಂದ ಶಾಲು ಹೊತಗೊಂಡು ಬರ್ತಾಳ. ನೋಡಿಲ್ಲೇನು?"

ವೆಂಕಟರಾಮು ನೋಡಿರಲಿಲ್ಲ. ಮನೆಯ ಪಕ್ಕಕ್ಕೆ ಓಡಿದ. ಅಲ್ಲಿ ಅವನದೇ ಎಸಿ ಯಂತ್ರ, ಅವನದೇ ದುಡ್ಡಿನಲ್ಲಿ, ಗರಗರ ತಿರುಗುತ್ತಾ ಅವನ ಮುಖಕ್ಕೇ ಬಿಸಿಯುಸಿರು ಬಿಟ್ಟಿತು!

ಶಪಥ ಗಿಪಥ ಮರೆತು, ಕಂಪನಿಯಿಂದ ತಂದಿದ್ದ ಪಿಸ್ತೂಲಿನಂಥ ತಾಪಮಾಪಕ ಹಿಡಿದು ಅವನು ಮೆಟ್ಟಿಲು ಹತ್ತಿದ. ಹಜಾರದ ಬಾಗಿಲು ತೆರೆದರೆ, ಆಹಾ! ಮಂಜಿನ ಮುಂಜಾವಿನಂಥ ತಂಪು. ಶಿವಕ್ಕ ಶಾಲು ಹೊದ್ದು ತಾಳ ಕುಟ್ಟುತ್ತಿದ್ದರು. ತೇಜಸ್ವಿನಿ ದಿಂಬಿಗೆ ತಲೆಯಿಟ್ಟು, ಹೊದಿಕೆಯೊಳಗೆ, ಗಾಢ ಭಕ್ತಿಯಲ್ಲಿ ಗೊರಕೆ ಹೊಡೆಯುತ್ತಿದ್ದಳು. ಆಶಾರಾಣಿ ಕಣ್ಣು ಮುಚ್ಚಿ ಹಾಡುತ್ತಿದ್ದವಳು ಒಂದು ಕಣ್ಣು ತೆರೆದಳು.

"ಏನ್ರೀ ಅದು? ಬಂದೂಕ?"

ವೆಂಕಟರಾಮು ಗೋಡೆಗೆ ಗುರಿಯಿಟ್ಟು ಒತ್ತಿದ: ಅರವತ್ತೆಂಟು. ಸೋಫಾಕ್ಕೆ: ಅರವತ್ತೆಂಟು. ಗಣೇಶನ ಹೊಟ್ಟೆಗೆ: ಅರವತ್ತೇಳು!

"ಅಯ್ಯೋ, ದೇವರಿಗೆ ಗುರಿ ಇಡ್ತಾರೇನ್ರೀ?" ಎಂದು ಶಿವಕ್ಕ ಕೆನ್ನೆ ಬಡಿದುಕೊಂಡರು.

ಕೊನೆಗೆ ಥರ್ಮೋಸ್ಟಾಟಿನ ಬೀಗದ ಪೆಟ್ಟಿಗೆಗೆ ಗುರಿಯಿಟ್ಟ. ತೊಂಬತ್ನಾಲ್ಕು.

ಅವನು ಮತ್ತೆ ಒತ್ತಿದ. ತೊಂಬತ್ನಾಲ್ಕೇ. ಪೆಟ್ಟಿಗೆಯ ಪ್ಲಾಸ್ಟಿಕ್ಕಿಗೆ ಮಸಿ ಹಿಡಿದು ಒಳಗಿನ ಅಂಕಿ ಕಾಣುತ್ತಿರಲಿಲ್ಲ. ಮಸಿ ಎಲ್ಲಿಂದ ಬಂತು? ದೃಷ್ಟಿ ನಿಧಾನವಾಗಿ ಗೋಡೆಗುಂಟ ಕೆಳಗಿಳಿಯಿತು. ನೇರ ಕೆಳಗೆ, ಕೂದಲೆಳೆಯಷ್ಟೂ ವಾರೆಯಿಲ್ಲದೆ, ಅವನೇ ಬಡಿದ ಹಲಗೆ. ಹಲಗೆಯ ನಡುವೆ, ಚಿಮಣಿಯ ಬಾಯಿಂದ ಬಿಸಿಯನ್ನು ಸೀದಾ ಮೇಲಕ್ಕೆ ಕಳಿಸುತ್ತಾ, ನಂದಾದೀಪ.

ಬೀಗದ ಪೆಟ್ಟಿಗೆಯೊಳಗೆ ಬಂದಿಯಾದ ಬಡ ಡಬ್ಬಿ ಆ ಕಾವಿಗೆ, ಇಡೀ ಮನೆಯೇ ಕುದಿಯುತ್ತಿದೆಯೆಂದು ನಂಬಿ ಒಂದು ತಿಂಗಳಿನಿಂದ ಎಸಿಗೆ ಓಡು, ಓಡು ಎನ್ನುತ್ತಿತ್ತು. ಎಸಿ ಓಡುತ್ತಿತ್ತು. ದೇವರು ತಂಪಾಗಿದ್ದರು. ಉಳಿದ ತಂಪೆಲ್ಲ ಮೆಟ್ಟಿಲಿಳಿದು ಬಂದು ಬೇಸ್‌ಮೆಂಟಿನಲ್ಲಿ, ಭೂಮಿತಾಯಿಯ ಹೆಸರಿನಲ್ಲಿ, ವೆಂಕಟರಾಮುವಿನ ಕಾಲು ಹಿಡಿದಿತ್ತು.

"ನಿಂಗೆ ಗೊತ್ತಿತ್ತಾ ಇಲ್ಲಿ ಇಷ್ಟು ತಣ್ಣಗಿದೆ ಅಂತ?" ಎಂದ, ಕ್ಷೀಣ ದನಿಯಲ್ಲಿ.

"ಗೊತ್ತಿಲ್ದೆ ಏನು?"

"ಮತ್ತೆ ಯಾಕೆ ಹೇಳ್ಲಿಲ್ಲ?"

ಆಶಾರಾಣಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಕೀಲಿ ಇರೋದು ನಿಮ್ಮ ಹತ್ರ. ನನ್ನ ಮೇಲೆ ಕನಿಕರ ಬಂದು ನೀವೇ ಗುಟ್ಟಾಗಿ ಕಡಿಮೆ ಮಾಡಿದೀರ ಅಂದ್ಕೊಂಡೆ. ಹೇಳಿದ್ರೆ ನಾಚ್ಕೊಂಡು ಮತ್ತೆ ಜಾಸ್ತಿ ಮಾಡ್ತೀರ ಅಂತ ಸುಮ್ಮನಿದ್ದೆ." ಮತ್ತೆ ಸೇರಿಸಿದಳು: "ನಿಮ್ಮ ಹೆಸರಲ್ಲಿ ದಿನಾ ಒಂದು ಹೂವು ಜಾಸ್ತಿ ಇಡ್ತಿದ್ದೆ."

ವೆಂಕಟರಾಮು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಹೊದಿಕೆಯೊಳಗಿಂದ ತೇಜಸ್ವಿನಿ ತಲೆ ಹೊರಹಾಕಿ, "ವೇಟ್, ಡ್ಯಾಡ್ ಡಿಡಂಟ್ ನೋ?" ಎಂದಳು.

ಶಿವಕ್ಕನವರು ತಾಳ ಕೆಳಗಿಟ್ಟು, "ಅಂದ್ರ ನಾಳಿಂದ ಭಜನಿ ಇಲ್ಲೇನ್ರೀ?" ಎಂದು ಆತಂಕದಿಂದ ಕೇಳಿದರು.

ಅವರೆಲ್ಲರ ಸಮ್ಮುಖದಲ್ಲೇ ಅಧಿಕಾರ ಹಸ್ತಾಂತರ ನಡೆಯಿತು. ಪರ್ಸಿನಿಂದ ಕೀಲಿ ಹೊರಬಂತು. ಆಶಾರಾಣಿ ಪೆಟ್ಟಿಗೆ ಕಿತ್ತು ಕಸಕ್ಕೆ ಹಾಕಿದಳು. ದೇವರನ್ನೂ ದೀಪವನ್ನೂ ಎದುರಿನ ಗೋಡೆಗೆ ಕೂರಿಸಿದಳು. ಹರಕೆ ಒಂದು ದಿನವೂ ತಪ್ಪಲಿಲ್ಲ.

"ಎಷ್ಟಕ್ಕೆ ಇಡ್ತೀಯ?" ಎಂದು ಮಾಜಿ ದೊರೆ ಅಳುಕುತ್ತಾ ಕೇಳಿದ.

"ಎಪ್ಪತ್ತಾರು. ನೀವು ಸ್ವೆಟರ್ ಬಿಚ್ಚಿ ಮೊದಲು."

ಮುಂದಿನ ತಿಂಗಳು ವೆಂಕಟರಾಮು ಹೆಂಡತಿಯ ಆಳ್ವಿಕೆಯನ್ನು ಕಣ್ಣಿಟ್ಟು ಗಮನಿಸಿದ. ಯಂತ್ರವಿಲ್ಲ, ನಕ್ಷೆಯಿಲ್ಲ, ಭಾಷಣವಿಲ್ಲ. ಬೆಳಿಗ್ಗೆ ಪೂರ್ವದ ಪರದೆ, ಮಧ್ಯಾಹ್ನ ಪಶ್ಚಿಮದ ಪರದೆ ಎಳೆಯುವಳು. ಸಂಜೆ ಗಾಳಿ ತಿರುಗಿದರೆ ಎಸಿ ನಿಲ್ಲಿಸಿ ಕಿಟಕಿ ತೆರೆಯುವಳು. ಇದರಿಂದ ಏನಾದೀತು ಎಂದು ಅವನು ಒಳಗೊಳಗೇ ನಕ್ಕ.

ಸೆಪ್ಟೆಂಬರಿನಲ್ಲಿ ಬಂದ ಬಿಲ್ಲು ಹೋದ ವರ್ಷದ್ದರ ಅರ್ಧಕ್ಕಿಂತ ನಾಲ್ಕು ಡಾಲರ್ ಕಡಿಮೆಯಿತ್ತು. ವೆಂಕಟರಾಮು ಅದನ್ನು ಬೆಳಕಿಗೆ ಹಿಡಿದು ನೋಡಿದ, ಹಿಂದೆಮುಂದೆ ತಿರುಗಿಸಿದ. ಕೊನೆಗೆ ಅಡುಗೆಮನೆಗೆ ಹೋಗಿ, ಶಿಷ್ಯನಂತೆ ನಿಂತು ಕೇಳಿದ:

"ನಿಜ ಹೇಳು, ಆಶಾ. ಅಂಥದ್ದೇನು ಮಾಡ್ದೆ?"

"ನಾನೇನೂ ಮಾಡ್ಲಿಲ್ಲ ರೀ," ಎಂದಳು ಅವಳು, ಹಂಚಿಗೆ ಎಣ್ಣೆ ಸವರುತ್ತಾ. "ನೀವೇನೂ ಮಾಡದ ಹಾಗೆ ನೋಡ್ಕೊಂಡೆ, ಅಷ್ಟೇ."