ಹಾಡು ತೆಗೆಸಿದ ದರ್ಜಿ

ದರ್ಜಿಯ ಬಾಯಲ್ಲಿ ಗುಂಡುಪಿನ್ನುಗಳಿದ್ದವು, ಕೈಯಲ್ಲಿ ಗಿರಾಕಿಯ ತೋಳಿತ್ತು. ಆಗಲೇ ಫೋನಿನಲ್ಲಿ ಯಾರೋ ‘ಹಾಡು ಬೇಕಾದರೆ ಒಂದನ್ನು ಒತ್ತಿ’ ಎಂದರು. ಕಟ್ ಮಾಡಲು ಹೋಗಿ ಮೊಣಕೈಯಿಂದ ಎಲ್ಲಿ ಒತ್ತಿದನೋ, ಅಂದಿನಿಂದ ಅವನಿಗೆ ಫೋನ್ ಮಾಡಿದವರಿಗೆಲ್ಲ ವಿರಹಗೀತೆ ಕೇಳತೊಡಗಿತು. ನಲ್ಲೆಯನ್ನು ಮರಳಿ ಬಾ ಎಂದು ಕರೆದೂ ಕರೆದೂ ಗಂಟಲು ಕಟ್ಟಿದವನ ಹಾಡು.

ದರ್ಜಿಗೆ ಇದು ಗೊತ್ತೇ ಇರಲಿಲ್ಲ. ತನ್ನ ನಂಬರಿಗೆ ತಾನೇ ಯಾರು ಫೋನ್ ಮಾಡಿಕೊಳ್ಳುತ್ತಾರೆ?

ಒಂದು ಬೆಳಿಗ್ಗೆ ಪಕ್ಕದಂಗಡಿಯ ಕ್ಷೌರಿಕ ಬಂದ. “ಏನಣ್ಣ, ಅತ್ತಿಗೆ ಮುನಿಸ್ಕೊಂಡು ಅವರಕ್ಕನ ಮನೆಗೆ ಹೋಗಿರೋದನ್ನ ಊರಿಗೆಲ್ಲ ಹಾಡಿ ಹೇಳ್ತಿದ್ದೀಯಲ್ಲ.”

ದರ್ಜಿಗೆ ಮುಖ ಎತ್ತಲಾಗಲಿಲ್ಲ. “ಇವತ್ತೇ ತೆಗೆಸ್ತೀನಿ” ಎಂದ.

“ತೆಗೆಸೋದೇನು, ಕೊಡಿಲ್ಲಿ” ಎಂದು ಕ್ಷೌರಿಕ ಸೋಪಿನ ಬೆರಳಲ್ಲೇ ಒತ್ತಿದ. ಹಾಡಿನ ಜೊತೆಗೆ ದಿನಭವಿಷ್ಯವೂ ಶುರುವಾಯಿತು. ಎದುರಿನ ಕನ್ನಡಕದಂಗಡಿಯವನು ನಿಧಾನವಾಗಿ ಓದಿ ಒತ್ತಿದ. ನಗೆಹನಿಯೂ ಸೇರಿಕೊಂಡಿತು. ಒಂದು ತಿಗಣೆ ಹುಡುಕಲು ಹೋಗಿ ಹಾಸಿಗೆಯೆಲ್ಲ ತಿಗಣೆಯಾದಂತಾಯಿತು.

ದರ್ಜಿ ಅಂಗಡಿಗೆ ಬೀಗ ಹಾಕಿ ಫೋನ್ ಕಂಪನಿಯ ಆಫೀಸಿಗೇ ನಡೆದ. ಮಧ್ಯಾಹ್ನವೆಲ್ಲ ಕಾದ ಮೇಲೆ ಕೌಂಟರಿನ ಹುಡುಗಿ ಹೆಮ್ಮೆಯಿಂದ ಹೇಳಿದಳು: “ಎಲ್ಲಾ ತೆಗೆದಿದ್ದೀನಿ ಸಾರ್. ಇನ್ನು ನೀವು ಬೇಕು ಅಂದ್ರೂ ಯಾವ ಹಾಡೂ ಬರಲ್ಲ, ಹಾಗೆ ಮಾಡಿದ್ದೀನಿ.”

ಅವನು ಅವಳಿಗೆ ಕೈಮುಗಿದು ಬಂದ. ಕ್ಷೌರಿಕನಿಂದ ಫೋನ್ ಮಾಡಿಸಿ ನೋಡಿದ. ಬರೀ ಟ್ರಿಂಗ್ ಟ್ರಿಂಗ್. ಹೆಗಲಿನಿಂದ ಮೂಟೆ ಇಳಿದ ಹಾಗಾಯಿತು.

ಸಂಜೆ ಹೆಂಡತಿಯ ಫೋನು ಬಂತು.

“ಹಾಡು ಯಾಕೆ ತೆಗೆಸಿದ್ರಿ?”

“ನಿಂಗೆ ಹೇಗೆ ಗೊತ್ತು?”

“ದಿನಾ ಪಕ್ಕದ ಮನೆಯವರ ಫೋನಿಂದ ಮಾಡಿ, ನೀವು ಎತ್ತೋ ಮುಂಚೆ ಇಡ್ತಿದ್ದೆ. ಊರಿನವರ ಬಟ್ಟೆಯೆಲ್ಲ ಹೊಲಿದು ನನ್ನದೊಂದನ್ನ ಮೂಲೆಗೆ ಹಾಕಿದ ಮನುಷ್ಯ, ಬಾಯಲ್ಲಿ ಹೇಳೋಕಾಗ್ದೆ ಹಾಡಲ್ಲಿ ಕರೀತಿದ್ದಾರೆ ಅಂದ್ಕೊಂಡೆ. ಇವತ್ತು ಚೀಲ ತುಂಬ್ಕೊಂಡು ಹೊರಟಿದ್ದೆ. ಇನ್ನೊಂದ್ಸಲ ಕೇಳೋಣ ಅಂತ ಮಾಡಿದ್ರೆ ಟ್ರಿಂಗ್ ಟ್ರಿಂಗ್.”

ಅವಳ ದನಿ ಒದ್ದೆಯಾಗಿತ್ತು. ದರ್ಜಿ ಗಾಬರಿಯಲ್ಲಿ ನಿಜ ಹೇಳಿಬಿಟ್ಟ: “ಅಯ್ಯೋ ಮಾರಾಯ್ತಿ, ಆ ಹಾಡು ನಾನು ಹಾಕಿಸಿದ್ದಲ್ಲ. ಮೊಣಕೈ ತಗಲಿ ಬಂದದ್ದು.”

ಆ ಕಡೆ ಚೀಲ ಕೆಳಗಿಟ್ಟ ಸದ್ದು ಕೇಳಿಸಿತು.

“ಹಾಕಿಸಿದ್ದು ನೀವಲ್ಲ. ತೆಗೆಸಿದ್ದು ಮಾತ್ರ ನೀವೇ, ಅಲ್ವಾ?”

“ಹೌದು” ಎಂದ ದರ್ಜಿ.

ಅವಳು ಫೋನಿಟ್ಟಳು.