ಕೊಟ್ರೇಶನ ಎಡಗಾಲು

ಹಸಿ ಸುಣ್ಣದ ವಾಸನೆ ಬಂದರೆ ಸಾಕು, ಕೊಟ್ರೇಶ ಕವಿತಾಳದ ಚಿಕ್ಕ ಹುಡುಗನಾಗಿಬಿಡುತ್ತಿದ್ದ. ಹಬ್ಬದ ಮುಂದೆ ಅವ್ವ ಗೋಡೆಗೆ ಬಳಿಯುತ್ತಿದ್ದ ಸುಣ್ಣ ಅದು. ಅಂದು ಬೆಳಿಗ್ಗೆ ಅದೇ ವಾಸನೆಗೆ ಎಚ್ಚರವಾಗಿ ನೋಡಿದರೆ, ಕೆಳಮನೆಯ ರಂಜಾನಬಿ ಅವನ ಬಾಗಿಲ ಪಕ್ಕದ ಗೋಡೆಗೆ ಸುಣ್ಣ ಹಚ್ಚುತ್ತಿದ್ದಳು.

"ಇದೇನ್ ಮಾಡಾಕತ್ತೀ ಅಕ್ಕಾ?"

"ಬ್ಯಾಂಕಿನ ಸಾಹೇಬ್ರು ಬರೋದು ಇವತ್ತಲ್ಲೇನೋ ತಮ್ಮಾ? ಇದೂ ಕನ್ಯಾ ನೋಡಾಕ ಬಂದಂಗನ, ಗೋಡಿ ಹಿಂಗ ಬಿಡ್ತಾರೇನು?"

ಕೊಟ್ರೇಶ ಸೈನ್ಯದಲ್ಲಿ ಹವಾಲ್ದಾರನಾಗಿದ್ದವನು. ಗಡಿಯಲ್ಲಿ ನೆಲಬಾಂಬು ಸಿಡಿದು ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಕೃತಕ ಕಾಲು ಹಳೆಯದಾಗಿ, ತಿಕ್ಕಿ ತಿಕ್ಕಿ ಗಾಯ ಮಾಡುತ್ತಿತ್ತು. ಹೊಸ ಕಾಲಿಗಾಗಿ ಆರೋಗ್ಯ ಯೋಜನೆಗೆ ಬರೆದು ಬಹಳ ಕಾಲವಾಗಿತ್ತು, ಉತ್ತರವಿಲ್ಲ. ಮಾನ್ವಿಯ ಈ ಬಾಡಿಗೆ ಮನೆ ಮಾಳಿಗೆಯ ಮೇಲೆ. ಮಾಜಿ ಸೈನಿಕರಿಗೆ ಬ್ಯಾಂಕು ಕೊಡುವ ಕಡಿಮೆ ಬಡ್ಡಿಯ ಸಾಲ ಸಿಕ್ಕರೆ, ದೇವದುರ್ಗದಲ್ಲಿರುವ ಸೈಟಿನಲ್ಲಿ ಒಂದೂ ಮೆಟ್ಟಿಲಿಲ್ಲದ ಮನೆ ಕಟ್ಟಬೇಕು. ಅವನು ದೇವರಲ್ಲಿ ಬೇಡುತ್ತಿದ್ದುದು ಅಷ್ಟೇ.

ಗಂಡಿನ ಕಡೆಯವರು ಬರುವ ದಿನ ಒಬ್ಬರ ಸಾಮಾನು ಇನ್ನೊಬ್ಬರ ಮನೆಗೆ ಹೋಗುವುದು ಆ ಓಣಿಯ ರೂಢಿ. ಹಾಗೆಯೇ ಎದುರುಮನೆಯ ಗೋಪಾಲಕೃಷ್ಣ ಮಾಸ್ತರರ ಸೋಫಾ, ಏಣಿ ಹತ್ತುವ ಎಮ್ಮೆಯ ಹಾಗೆ, ಹೊತ್ತವರಿಗೆ ಏದುಸಿರು ಬಿಡಿಸುತ್ತ ಮೇಲಕ್ಕೆ ಬಂತು. ಹಿಂದೆಯೇ ಮಾಸ್ತರರೂ ಬಂದರು.

"ಆ ಕೋಲು ಅಡಗಿಸಿಡೋ. ಕುಂಟಾಕತ್ತಿದ್ರ ಸಾಲ ಹ್ಯಾಂಗ ತೀರಿಸ್ತಾನಂತ ಸಾಹೇಬ್ರಿಗೆ ಅನುಮಾನ ಬರ್ತದ."

"ಕೋಲಿಲ್ದ ಭಾಳ ನೋಯ್ತದ್ರೀ ಮಾಸ್ತರ್ರೀ."

"ಒಂದ್ ತಾಸು ತಡ್ಕೋ!"

ಹುಕುಂ ಕೇಳಿ ಬೆಳೆದ ಜೀವ. ಕೊಟ್ರೇಶ ಕೋಲನ್ನು ಮಂಚದ ಕೆಳಗೆ ತಳ್ಳಿದ.

ಮಧ್ಯಾಹ್ನಕ್ಕೆ ಮುಂಚೆ ಕನ್ನಡಕದ ಸಾಹೇಬರೊಬ್ಬರು ಬಂದರು. ಬಾಯಿ ತೆರೆಯಲು ಯಾರು ಬಿಟ್ಟರು? ಮಾಸ್ತರರು ಸೋಫಾದಲ್ಲಿ ಕೂರಿಸಿದರು, ರಂಜಾನಬಿ ಮಂಡಕ್ಕಿ ಒಗ್ಗರಣೆಯ ತಟ್ಟೆ ಮುಂದಿಟ್ಟಳು, ಕೊಟ್ರೇಶನ ಹೆಂಡತಿ ಮೌನೇಶ್ವರಿ ಚಹಾ ತಂದಳು.

"ಹುಲಿ ಇದ್ದಂಗ ಇದಾನ್ರೀ," ಎಂದರು ಮಾಸ್ತರರು. "ಏಳಪ್ಪಾ, ನಡದು ತೋರ್ಸು."

ಕನ್ಯೆಯನ್ನು ನಡೆಸಿ ನೋಡಿದ ಹಾಗೇ ಆಯಿತು. ಕೊಟ್ರೇಶ ಎದೆ ಸೆಟೆಸಿ, ಪರೇಡಿನಲ್ಲಿ ನಡೆದಂತೆ ಗೋಡೆಯಿಂದ ಗೋಡೆಗೆ ನಡೆದ. ಹಲ್ಲು ಕಚ್ಚಿಕೊಂಡಿದ್ದು ನಗೆಯಂತೆ ಕಂಡಿತು. ಮೌನೇಶ್ವರಿ ಮಾತ್ರ ಮುಖ ತಿರುಗಿಸಿ ನಿಂತಳು.

"ಭಾಳ ಸಂತೋಷ," ಎಂದು ಸಾಹೇಬರು ಎದ್ದರು. "ನಾನು ವಿದ್ಯಾಧೀಶ. ರಾಯಚೂರಿಂದ, ಆರೋಗ್ಯ ಯೋಜನೆ ಕಡೆಯಿಂದ ಬಂದೀನಿ. ಹೊಸ ಕಾಲು ಬೇಕೋ ಬ್ಯಾಡೋ ನೋಡಬೇಕಿತ್ತು. ಹಳೇದು ಇಷ್ಟು ಚಲೋ ಅದ, ಇನ್ನ ಹೊಸದು ಯಾಕ್ರೀ?"

"ಸಾಹೇಬ್ರ, ಗಾಯ ನೋಡ್ರಿ!" ಕೊಟ್ರೇಶ ಪ್ಯಾಂಟು ಮೇಲೆತ್ತತೊಡಗಿದ.

"ಕಣ್ಣಾರೆ ನೋಡಿದ್ನಲ್ರೀ, ಸಾಕು." ಅವರು ದಡದಡನೆ ಮೆಟ್ಟಿಲು ಇಳಿದೇಬಿಟ್ಟರು.

ಸೋಫಾ ಬಂದ ದಾರಿಯಲ್ಲೇ ಹೋಯಿತು. ಮೌನೇಶ್ವರಿ ಕಾಲು ಬಿಚ್ಚಿಸಿ ರಕ್ತ ಒರೆಸುತ್ತಿದ್ದಳು. ಕೊಟ್ರೇಶ ಚಾಪೆಯ ಮೇಲೆ ನರಳುತ್ತ ಬಿದ್ದಿದ್ದ. ಬ್ಯಾಂಕಿನವರು ಬಂದದ್ದು ಆಗ.

ಅವರು ಹೊಸ್ತಿಲಲ್ಲೇ ನಿಂತು ರಕ್ತದ ಬಟ್ಟೆಯನ್ನೂ ಬಿಚ್ಚಿಟ್ಟ ಕಾಲನ್ನೂ ನೋಡಿದರು. ಕೆಟ್ಟ ಮನುಷ್ಯರೇನಲ್ಲ, ದನಿ ಮೆತ್ತಗಿತ್ತು.

"ಈ ಸ್ಥಿತ್ಯಾಗ ನಿಮ್ಮ ಮ್ಯಾಲ ಸಾಲದ ಭಾರ ಹ್ಯಾಂಗ ಹೊರಸಲಿ ಹವಾಲ್ದಾರ್ರೇ? ಮೊದಲ ಹೊಸ ಕಾಲು ಹಾಕಿಸ್ಕೊಳ್ರಿ. ಆಮ್ಯಾಲ ನೋಡೋಣು."

ಸಂಜೆ ರಂಜಾನಬಿ ಮೆಟ್ಟಿಲು ಹತ್ತಿ ಬಂದಳು. ಮಂಚದ ಕೆಳಗಿನ ಕೋಲನ್ನು ಎಳೆದು ಅವನ ಪಕ್ಕಕ್ಕೆ ಒರಗಿಸಿದಳು. ಬಿಸಿ ರೊಟ್ಟಿ, ಪುಂಡಿಪಲ್ಯದ ತಾಟನ್ನು ಕೊಟ್ರೇಶನ ಕೈಗಿಟ್ಟಳು.