ಅತ್ತಿಗೆ ಬೀಗ ಹಾಕಿದ ಪುಟ

ದೇವರೇ ಪ್ರತ್ಯಕ್ಷನಾಗಿ "ಏನು ವರ ಬೇಕು?" ಎಂದರೂ ನನ್ನ ಅತ್ತಿಗೆ "ಮೊದಲು ನಿಮ್ಮ ಕೀ ಹಾಕಿ" ಎನ್ನುವವರು! ಉತ್ಪ್ರೇಕ್ಷೆಯೆಂದು ನಗಬೇಡಿ. ಕೊಪ್ಪದಲ್ಲಿ ಅವರ ಜೊತೆ ಎರಡು ದಿನ ಕೆಲಸ ಮಾಡಿ ನೋಡಿ, ಆಮೇಲೆ ಹೇಳಿ.

ನಮ್ಮದೊಂದು ಪುಟ್ಟ ರಕ್ತದಾನಿಗಳ ಬಳಗ. ದಾನಿಗಳ ಪಟ್ಟಿಯನ್ನು ಆಸ್ಪತ್ರೆಗಳ ಸಾಫ್ಟ್‌ವೇರ್ ಕೇಳಿ ಪಡೆಯಲು ಎಪಿಐ ಎಂಬ ಒಂದು ಕಿಂಡಿ ಇದೆ. ಅದನ್ನು ಬಳಸುವುದು ಹೇಗೆಂದು ತಿಳಿಸುವ ವೆಬ್ ಪುಟ ಅತ್ತಿಗೆಯ ಕೈಕೆಲಸ. ಓದುತ್ತಾ ಗುಂಡಿ ಒತ್ತಿದರೆ ಪಟ್ಟಿಯೂ ಅಲ್ಲೇ ಬರುತ್ತದೆ. ಆದರೆ ದಾನಿಗಳ ಫೋನ್ ನಂಬರ್ ಕಂಡಕಂಡವರ ಕೈಗೆ ಹೋಗಬಾರದಲ್ಲ, ಅದಕ್ಕೇ ಪುಟದ ತಲೆಯ ಮೇಲೊಂದು ಬೀಗ. ನಿಮಗೆಂದೇ ಕೊಟ್ಟ ಗುಟ್ಟಿನ ಅಕ್ಷರಸಾಲು, ಅಂದರೆ ನಿಮ್ಮ ಸ್ವಂತ ಕೀ, ಹಾಕಿದರೆ ತೆರೆಯುತ್ತದೆ. ಪುಟ ಮುಚ್ಚಿದರೆ ನೀವು ಯಾರೆಂದೇ ಮರೆತುಬಿಡುತ್ತದೆ!

"ಅತ್ತಿಗೆ, ನನ್ನ ಕೀನೇ ಅದರೊಳಗೆ ಹಾಕಿಟ್ರೆ ಎಲ್ಲರಿಗೂ ಸುಲಭ ಅಲ್ವಾ?" ಎಂದೆ.

"ನಿನ್ನ ಹಲ್ಲುಜ್ಜೋ ಬ್ರಷ್ಷು ಬಸ್ ಸ್ಟ್ಯಾಂಡಲ್ಲಿ ಇಟ್ಟು ಬರ್ತೀಯಾ ಮಾರಾಯ?"

ಅಭ್ಯಾಸಕ್ಕೆಂದೇ ಅವರು ಬೇರೆ ಕೀ ಮಾಡಿದ್ದರು. ಅದಕ್ಕೆ ಸಿಗುವುದು ಸುಳ್ಳು ಪಟ್ಟಿ: ಬಸಳೆ, ಓ ಪಾಸಿಟಿವ್, ಬೇಗಾರ್. ಹೀರೆಕಾಯಿ, ಬಿ ನೆಗೆಟಿವ್, ನರಸಿಂಹರಾಜಪುರ! ಪುಟ ಸರಳವಾಗಿದೆಯೇ ಎಂದು ನೋಡಲು ಕೆಳಗಿನ ಅಂಗಡಿಯ ಟೈಲರನ್ನು ಕರೆತಂದು ಕೂರಿಸಿದರು. ಆತ ಕೀ ಹಾಕಿ, ಗುಂಡಿ ಒತ್ತಿ, ಕಣ್ಣರಳಿಸಿ ಕೇಳಿದ: "ಈ ಹೀರೆಕಾಯಿ ಯಾರ ಮನೆಯವ್ರು ಅಕ್ಕಾ?" ಅತ್ತಿಗೆಗೆ ಪರಮಾನಂದ. ಟೈಲರಿಗೆ ದಾರಿ ಸಿಕ್ಕಿದರೆ ಇಂಜಿನಿಯರಿಗೂ ಸಿಕ್ಕೀತು ಎಂಬುದು ಅವರ ನಂಬಿಕೆ.

ನನ್ನ ಬುದ್ಧಿವಂತಿಕೆ ಕೇಳಬೇಕೇ? ಒಂದು ಮಧ್ಯಾಹ್ನ ಅವರು ಊಟಕ್ಕೆ ಎದ್ದಾಗ ನನ್ನ ಅಸಲಿ ಕೀಯನ್ನು ಪುಟದೊಳಗೆ ಸೇರಿಸಿಬಿಟ್ಟೆ. ಇನ್ನು ದಾರಿಹೋಕರು ಗುಂಡಿ ಒತ್ತಿದರೂ ಅಸಲಿ ಪಟ್ಟಿಯೇ! ಅತ್ತಿಗೆ ಕೈ ತೊಳೆದು ಬಂದವರೇ ಕಂಡುಹಿಡಿದರು. ಬೈಯಲಿಲ್ಲ. ನನ್ನ ಕೀ ರದ್ದು ಮಾಡಿ, ಅಷ್ಟು ಹೊತ್ತಿನಲ್ಲಿ ಯಾರು ಪಟ್ಟಿ ಕೇಳಿದ್ದಾರೆಂದು ದಾಖಲೆ ತೆಗೆದು ನೋಡಿದರು. ಯಾರೂ ಕೇಳಿರಲಿಲ್ಲ. ಆದರೂ ಫೋನ್ ಎತ್ತಿಕೊಂಡು ಒಬ್ಬೊಬ್ಬ ದಾನಿಗೂ "ನಮ್ಮಿಂದ ತಪ್ಪಾಯ್ತು" ಎಂದು ಹೇಳತೊಡಗಿದರು! ನನ್ನ ಹೆಸರೆತ್ತಲಿಲ್ಲ. ಇಂಥ ಹೆಂಗಸನ್ನು ನಾನೆಲ್ಲೂ ಕಂಡಿಲ್ಲ.

ಕಿಗ್ಗದ ಒಬ್ಬಾಕೆಗೂ ಫೋನ್ ಹೋಯಿತು. ಸ್ಪೀಕರಿನಲ್ಲಿ ಅವರ ದನಿ ನನಗೂ ಕೇಳಿಸಿತು.

"ನನ್ನ ಗಂಡನಿಗೆ ನಂಬರ್ ಸಿಕ್ಕಿಲ್ಲ ಅಲ್ದಾ ಅಕ್ಕಾ? ಅವನ ಹೊಡೆತಕ್ಕೆ ಹೆದರಿಯೇ ನಂಬರ್ ಬದಲಾಯಿಸಿದ್ದು."

ಅತ್ತಿಗೆ ಫೋನಿನ ಹತ್ತಿರಕ್ಕೆ ಬಾಗಿದರು.

"ಸಿಕ್ಕಿಲ್ಲ ತಂಗಿ, ನಾನೇ ನೋಡಿದ್ದೇನೆ. ಬೇಕಾದ್ರೆ ನಿಮ್ಮ ಹೆಸರು ಈಗಲೇ ತೆಗೀತೇನೆ."

"ತೆಗೀಬೇಡಿ. ಹೇಳದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ. ನೀವಾಗೇ ಹೇಳಿದ್ರಲ್ಲ. ಶನಿವಾರ ಬಂದು ರಕ್ತ ಕೊಡ್ತೇನೆ."

ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಕಾಲು ಮುಟ್ಟಲು ಬಗ್ಗಿದೆ.

"ಏಳು ಮಾರಾಯ. ಇನ್ನೂ ಹನ್ನೊಂದು ಜನ ಇದ್ದಾರೆ, ನೀನು ಮಾತಾಡು," ಎಂದು ಫೋನನ್ನು ನನ್ನ ಕೈಗಿಟ್ಟರು.